ಟೊಮೇಟೊ ಒಂದೇ, ರಾಶಿ ಮೂರು

ಭಾನುವಾರ ಬೆಳಗ್ಗೆ ಕೋಲಾರದ ಹೋಟೆಲೊಂದರಲ್ಲಿ ಮುಳಬಾಗಿಲು ದೋಸೆಗಾಗಿ ಕಾಯುತ್ತ ನಾವು ಮೂವರು ಕುಳಿತಿದ್ದೆವು: ಟೊಮೇಟೊ ಮಂಡಿಯೊಂದರ ಗುಮಾಸ್ತರು, ನಿವೃತ್ತ ಗಣಿತದ ಮೇಷ್ಟ್ರು, ಮತ್ತು ಆ ಮಂಡಿಗೆ ಲೆಕ್ಕದ ತಂತ್ರಾಂಶ ಬರೆದುಕೊಟ್ಟ ತಪ್ಪಿಗೆ ರಜೆಯ ದಿನವೂ ಲ್ಯಾಪ್‌ಟಾಪ್ ಹೊತ್ತು ತಿರುಗುವ ನಾನು.

“ನಮ್ಮ ಸಾಹುಕಾರರು ಹೊಸದೊಂದು ಅಪ್ಪಣೆ ಕೊಟ್ಟಿದ್ದಾರೆ ಸಾರ್,” ಎಂದು ಗುಮಾಸ್ತರು ಆರಂಭಿಸಿದರು. “ಹರಾಜು ಮುಗಿಯುತ್ತಲೇ ವರದಿ ತಳಿವಾರು ಕಾಣಬೇಕು, ಲಾರಿ ತುಂಬುವ ಹೊತ್ತಿಗೆ ಅದೇ ವರದಿ ಖರೀದಿದಾರರ ಪ್ರಕಾರ ಕಾಣಬೇಕು, ಸಂಜೆ ರೈತರ ಲೆಕ್ಕ ಚುಕ್ತಾ ಮಾಡುವಾಗ ಊರುವಾರು ಆಗಬೇಕು. ಪ್ರೋಗ್ರಾಮು ನಿಲ್ಲಬಾರದು; ನಿಮ್ಮನ್ನು ಕರೆಸಲೂಬಾರದು.”

“ಮೂರಕ್ಕೂ ಮೂರು ವರದಿ ಮಾಡಿಕೊಟ್ಟಿದ್ದೇನಲ್ಲ?”

“ಕೊಟ್ಟಿದ್ದೀರಿ. ಕಮಿಷನ್ ಲೆಕ್ಕ ಬದಲಾದಾಗ ಎರಡನ್ನು ತಿದ್ದಿ ಮೂರನೆಯದನ್ನು ಮರೆತಿದ್ದೀರಿ. ಒಂದೇ ದಿನದ ಟೊಮೇಟೊ ಬೆಳಗ್ಗೆ ಒಂದು ಮೊತ್ತ, ಸಂಜೆ ಇನ್ನೊಂದು ಮೊತ್ತ ಹೇಳಿತು.”

ದೋಸೆ ಇನ್ನೂ ಬಂದಿರದಿದ್ದರೂ ನಾನು ಚಟ್ನಿಯ ಕಡೆಗೆ ಗಮನ ಹರಿಸಿದೆ.

“ಇದೇನು ಮಹಾ ವಿಷಯವಯ್ಯಾ?” ಎಂದರು ಮೇಷ್ಟ್ರು. “2007ರಲ್ಲಿ ಸರಕಾರವೇ ಇದನ್ನು ಮಾಡಿ ತೋರಿಸಿತು. ನಮ್ಮ ಹಳೆಯ ಕೋಲಾರ ಜಿಲ್ಲೆಯ ಹನ್ನೊಂದು ತಾಲ್ಲೂಕುಗಳಲ್ಲಿ ಆರನ್ನು ತೆಗೆದು ಚಿಕ್ಕಬಳ್ಳಾಪುರ ಎಂಬ ಬೇರೆ ಗುಂಪಿಗೆ ಹಾಕಿದರು. ಅದಕ್ಕಾಗಿ ಕಚೇರಿಗಳ ಬಾಗಿಲು ಮುಚ್ಚಲಿಲ್ಲ, ನಂದಿಬೆಟ್ಟ ಕದಲಲಿಲ್ಲ. ಶಿಡ್ಲಘಟ್ಟದ ನನ್ನ ಬೀಗರು ಒಂದು ಜಿಲ್ಲೆಯಲ್ಲಿ ಮಲಗಿ ಇನ್ನೊಂದರಲ್ಲಿ ಎದ್ದರು. ಮಂಚ ಮಾತ್ರ ಇದ್ದಲ್ಲೇ ಇತ್ತು.”

ಜಿಲ್ಲೆಯನ್ನು ಒಡೆದಷ್ಟು ಸುಲಭವಾಗಿ ವರದಿಯನ್ನು ಒಡೆಯಲಾಗದು ಎಂದು ವಾದಿಸಲು ಹೊರಟವನಿಗೆ, ವರದಿಯನ್ನು ಒಡೆಯುವುದೇ ಹೆಚ್ಚು ಸುಲಭ ಎಂಬುದು ಹೊಳೆದು ಸುಮ್ಮನಾದೆ. ನಮ್ಮದು ವರದಿ ತಯಾರಿಸುವ ತಂತ್ರಾಂಶವಾದ ಕ್ರಿಸ್ಟಲ್ ರಿಪೋರ್ಟ್ಸ್‌ನಲ್ಲಿ ಮಾಡಿದ ವರದಿ. ಗುಂಪು ಯಾವ ಫೀಲ್ಡಿನ (ಅಂದರೆ ತಳಿ, ಊರು ಮುಂತಾದ ಮಾಹಿತಿಯ ಅಂಕಣದ) ಮೇಲೆ ನಿಂತಿದೆಯೆಂಬುದನ್ನು ಡಾಟ್‌ನೆಟ್ ಪ್ರೋಗ್ರಾಮಿನಿಂದಲೇ ಬದಲಿಸಬಹುದು; ವರದಿ ಪರದೆಗೆ ಬರುವ ಮುಂಚೆ, ಮೊದಲನೆಯ ಗುಂಪಿನ ‘ಕಂಡೀಷನ್ ಫೀಲ್ಡ್’ ಎಂಬಲ್ಲಿ ತಳಿಯನ್ನು ತೆಗೆದು ಊರನ್ನು ಕೂರಿಸಿದರೆ ಮುಗಿಯಿತು. ಅಲ್ಲಿ ಮೊದಲನೆಯ ಗುಂಪಿನ ಸಂಖ್ಯೆ ಮಾತ್ರ ಸೊನ್ನೆ ಎಂದೂ ಹೇಳಿದೆ.

“ಸೊನ್ನೆಯಿಂದ ಎಣಿಸುವವರನ್ನು ನಮ್ಮ ಮಂಡಿಯೊಳಗೆ ಬಿಡಬಾರದು,” ಎಂದರು ಗುಮಾಸ್ತರು. “ಕೊನೆಯ ಬಾಕ್ಸಿನ ಹದಿನೈದು ಕೆ.ಜಿ. ಯಾರ ಲೆಕ್ಕಕ್ಕೂ ಸೇರುವುದಿಲ್ಲ.”

ಈ ದಾರಿಯಲ್ಲಿ ಗುಂಪಿನ ಆಧಾರ ಬದಲಾಗುತ್ತದೆಯೇ ಹೊರತು, ವಿನ್ಯಾಸದಲ್ಲಿ ಇಲ್ಲದ ಗುಂಪು ಹೊಸದಾಗಿ ಹುಟ್ಟುವುದಿಲ್ಲ. ಸಾಹುಕಾರರು ನಾಳೆ ‘ತಳಿಯೊಳಗೆ ಊರು’ ಎನ್ನದೆ ಬಿಡುವವರಲ್ಲವಾದ್ದರಿಂದ ನನಗೆ ಸೂತ್ರದ ದಾರಿಯೇ ಮೇಲೆನಿಸಿತು. ಗುಂಪನ್ನು ನೇರವಾಗಿ ಫೀಲ್ಡಿನ ಮೇಲಲ್ಲದೆ ಒಂದು ಸೂತ್ರದ ಮೇಲೆ ನಿಲ್ಲಿಸಬೇಕು. ಬಳಸುವವರು ‘ತಳಿ’ ಎಂದು ಆರಿಸಿದರೆ ಸೂತ್ರವು ತಳಿಯ ಹೆಸರನ್ನೂ, ‘ಊರು’ ಎಂದರೆ ಊರಿನ ಹೆಸರನ್ನೂ ಕೊಡುತ್ತದೆ, ಉಪಮೊತ್ತಗಳು ತಾವಾಗಿಯೇ ಹಿಂದೆ ಬರುತ್ತವೆ. ಎರಡನೆಯ ಗುಂಪನ್ನು ಮೊದಲೇ ಇಟ್ಟುಕೊಂಡು, ಅದು ಬೇಡವಾದಾಗ ಅದರ ಸೂತ್ರದಿಂದ ಖಾಲಿ ಪಠ್ಯ ಬರುವಂತೆ ಮಾಡಿ, ತಲೆಬರಹದ ಸಾಲನ್ನೂ ಉಪಮೊತ್ತದ ಸಾಲನ್ನೂ ಮರೆಮಾಡಿದರೆ, ಅದು ಅಲ್ಲಿದೆಯೆಂಬುದೇ ಯಾರಿಗೂ ತಿಳಿಯುವುದಿಲ್ಲ.

“ದಿನಾಂಕವಾರು ಕೇಳಿದರೆ?” ಎಂದರು ಗುಮಾಸ್ತರು.

ಅಲ್ಲಿಯೇ ತೊಡಕಿರುವುದು. ಸೂತ್ರ ಕೊಡುವ ಉತ್ತರಗಳೆಲ್ಲ ಒಂದೇ ಜಾತಿಯವಾಗಿರಬೇಕಾದ್ದರಿಂದ ದಿನಾಂಕವನ್ನೂ ಪಠ್ಯವಾಗಿಸಬೇಕಾಗುತ್ತದೆ, ಪಠ್ಯವಾದೊಡನೆ ಹತ್ತನೆಯ ತಾರೀಖು ಎರಡನೆಯದಕ್ಕಿಂತ ಮುಂಚೆ ಬಂದು ನಿಲ್ಲುತ್ತದೆ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, ಒಂಟಿ ಅಂಕಿಗಳ ಎಡಕ್ಕೆ ಸೊನ್ನೆ ಇಟ್ಟು ಬರೆದರೆ ಸರಿಹೋಗುತ್ತದೆ.

“ಸೊನ್ನೆಗೆ ಕೊನೆಗೂ ಒಂದು ಗೌರವದ ಕೆಲಸ ಸಿಕ್ಕಿತು,” ಎಂದ ಮೇಷ್ಟ್ರು ಏನೋ ನೆನಪಾದವರಂತೆ ಗುಮಾಸ್ತರ ಕಡೆ ತಿರುಗಿದರು. “ಸರಾಸರಿ ದರವನ್ನು ಹೇಗೆ ತೆಗೆಯುತ್ತೀರಿ?”

“ಊರೂರಿನ ಸರಾಸರಿಗಳನ್ನು ಕೂಡಿಸಿ ಭಾಗಿಸುತ್ತೇವೆ.”

ಮೇಷ್ಟ್ರಿಗೆ ಮೂವತ್ತು ವರ್ಷದ ಸೇವೆ ವ್ಯರ್ಥವಾದಂತೆ ತೋರಿರಬೇಕು. ಕಾಗದದ ಕರವಸ್ತ್ರದ ಮೇಲೆ ಬರೆದೇಬಿಟ್ಟರು: ಒಂದೂರಿನ 400 ಬಾಕ್ಸ್ 300 ರೂಪಾಯಿಯಂತೆ, ಇನ್ನೊಂದೂರಿನ 10 ಬಾಕ್ಸ್ 500ರಂತೆ ಹೋದರೆ ಸರಾಸರಿ 400 ಅಲ್ಲ; 1,25,000ವನ್ನು 410ರಿಂದ ಭಾಗಿಸಬೇಕು, ಸುಮಾರು 305 ಬರುತ್ತದೆ. “ಮೊತ್ತ ಯಾವ ಗುಂಪಿಗೂ ಜಗ್ಗುವುದಿಲ್ಲ. ಸರಾಸರಿಗಳ ಸರಾಸರಿ ಮಾತ್ರ ಪ್ರತಿ ಗುಂಪಿಗೂ ಬೇರೆ ಮುಖ ತೋರಿಸುತ್ತದೆ.”

ಅಷ್ಟರಲ್ಲಿ ನಾನು ಸೂತ್ರ ಬರೆದು ಮುಗಿಸಿದ್ದೆ. ತಳಿ, ಖರೀದಿದಾರ, ಊರು, ಯಾವುದನ್ನು ಆರಿಸಿದರೂ ಒಟ್ಟು ಮೊತ್ತ ಒಂದೇ ಬಂದಿತು. ಗುಮಾಸ್ತರು ಮಾತ್ರ ಊರುವಾರು ಪರದೆಯನ್ನು ನೋಡಿ ಹುಬ್ಬು ಗಂಟಿಕ್ಕಿದರು. ಅಲ್ಲಿ ‘ಮುಳಬಾಗಿಲು’, ‘ಮುಳಬಾಗಲು’, ‘ಮುಳುಬಾಗಿಲು’ ಎಂಬ ಮೂರು ಊರುಗಳು ಪ್ರತ್ಯೇಕ ಉಪಮೊತ್ತಗಳೊಡನೆ ಕುಳಿತಿದ್ದವು.

“ಇದನ್ನು ಬರೆದವರು ಯಾರು?” ಎಂದೆ.

“ನಾನೇ,” ಎಂದರು ಅವರು ಮೆತ್ತಗೆ, “ಬೇರೆ ಬೇರೆ ದಿನ.”

ಮೇಷ್ಟ್ರು ಮಾತನಾಡದೆ ಗೋಡೆಯ ದರಪಟ್ಟಿಯ ಕಡೆಗೆ ಬೆರಳು ತೋರಿಸಿದರು. ಅಲ್ಲಿ ‘ಮುಳ್‌ಬಾಗಲ್ ದೋಸೆ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು. ಅದು ಯಾವ ಗುಂಪಿಗೆ ಸೇರಬೇಕೆಂದು ನಾವು ತೀರ್ಮಾನಿಸುವಷ್ಟರಲ್ಲಿ, ಮೊದಲು ಬಂದ ದೋಸೆಯನ್ನು ಅವರು ತಮ್ಮ ಗುಂಪಿಗೆ ಸೇರಿಸಿಕೊಂಡಾಗಿತ್ತು.