ಹಳೆಯ ಕಾರಿನ ಇಗ್ನಿಷನ್ ಸ್ವಿಚ್ ಬದಲಿಸಿದವರ ಅನುಭವ ಬೇಕಾಗಿದೆ

ಕೇಳಿದವರು: ನನ್ನದು 1966ರ ಎಂಜಿಬಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಓಡುತ್ತಿರುವಾಗ ಕೀಲಿಗೊಂಚಲು ತುಸು ಅಲ್ಲಾಡಿದರೂ ಎಂಜಿನ್ ಉಸಿರು ಕಟ್ಟಿದಂತಾಗಿ ಮತ್ತೆ ಹಿಡಿದುಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನ ಸ್ವಿಚ್ ಬದಲಿಸಬೇಕೆಂದಿದ್ದೇನೆ, ಆದರೆ ಹಳೆಯ ಕೀಲಿಯನ್ನು ಬಿಡಲು ಮನಸ್ಸಿಲ್ಲ. ಈ ಕೆಲಸ ಮಾಡಿದವರು ದಯವಿಟ್ಟು ಅನುಭವ ತಿಳಿಸಿ.

ಹಳೆಗಾಲಿ: ನಾನು ಇದೇ ಕೆಲಸಕ್ಕೆ ಮೂರು ಭಾನುವಾರ ಕಳೆದುಕೊಂಡೆ. ಆ ಕಾಲದ ಎಂಜಿಬಿಯಲ್ಲಿ 6 ವೋಲ್ಟಿನ ಎರಡು ಬ್ಯಾಟರಿಗಳು ಸೀಟಿನ ಹಿಂದೆ, ನೆಲದ ಮುಚ್ಚಳದಡಿ ಇರುತ್ತವೆ. ಹತ್ತು ನಿಮಿಷದ ಕೆಲಸಕ್ಕೆ ಅದನ್ನೆಲ್ಲ ಏಕೆ ತೆರೆಯಬೇಕೆಂದು ಸುಮ್ಮನಾದೆ. ರಿಂಗ್ ನಟ್ ಬಿಚ್ಚಿ, ಸ್ವಿಚ್ಚನ್ನು ಹಿಂದಕ್ಕೆ ತಳ್ಳಿ, ಬ್ಯಾಟರಿಯ ವಿದ್ಯುತ್ ತರುವ ಕಂದು ವೈರನ್ನು ಎಳೆದ ಕೂಡಲೇ ಅದರ ತುದಿ ಡ್ಯಾಶ್‌ಬೋರ್ಡಿನ ಉಕ್ಕಿಗೆ ತಗುಲಿತು. ಆ ವೈರಿಗೆ ನಡುವೆ ಫ್ಯೂಸ್ ಇಲ್ಲ. ನಾನು ಸೀಟಿನ ಹಿಂದಕ್ಕೆ ಕೈ ಚಾಚುವಷ್ಟರಲ್ಲಿ ಅದರ ಹೊದಿಕೆ ಮೇಣದಂತೆ ಕರಗಿ ಪಕ್ಕದ ಬಿಳಿ ಮತ್ತು ಹಸಿರು ವೈರುಗಳಿಗೂ ಅಂಟಿಕೊಂಡಿತ್ತು. ಮೊದಲ ಭಾನುವಾರ ಸುಟ್ಟದ್ದನ್ನು ಬಿಡಿಸಿದೆ, ಎರಡನೆಯದರಂದು ಹನ್ನೊಂದು ವೈರುಗಳನ್ನು ಹೊಸದಾಗಿ ಎಳೆದೆ, ಮೂರನೆಯದರಂದು ಬಟ್ಟೆಯ ಟೇಪು ಸುತ್ತಿದೆ. ಹೊಸ ಸ್ವಿಚ್ ಹಾಕಿದ್ದು ಕೊನೆಯ ಕಾಲು ಗಂಟೆಯಲ್ಲಿ.

ನೀಲಿಬಾನೆಟ್: ಬ್ಯಾಟರಿ ಬಿಚ್ಚದೆ ಕೈಹಾಕಿದ್ದು ತಮ್ಮ ತಪ್ಪು, ಅದನ್ನು ಸ್ವಿಚ್ಚಿನ ತಲೆಗೆ ಕಟ್ಟಬೇಡಿ. 1967ಕ್ಕೂ ಹಿಂದಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನೇ ಕಾರಿನ ಬಾಡಿಗೆ ಜೋಡಿಸಿ ಅರ್ತ್ ಮಾಡಿರುವುದರಿಂದ ಮೊದಲು ಬಿಚ್ಚಬೇಕಾದದ್ದು ಪಾಸಿಟಿವ್ ಎಂಬುದನ್ನಾದರೂ ಹೇಳಬಹುದಿತ್ತು. ನನ್ನ ಕಾರಿನಲ್ಲಿ ಬ್ಯಾಟರಿಯ ಬಳಿ 12.4 ವೋಲ್ಟ್ ಇದ್ದಾಗ ಎಂಜಿನ್ನಿನ ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್ ಬಳಿ 10.9 ಮಾತ್ರ ಸಿಗುತ್ತಿತ್ತು. ನಾನು ಸ್ವಿಚ್ ಬದಲಿಸಲಿಲ್ಲ, ರಿಲೇ ಹಾಕಿದೆ, ಅಂದರೆ ಸ್ವಿಚ್ಚಿನ ಅಲ್ಪ ವಿದ್ಯುತ್ತಿನಿಂದಲೇ ನಡೆದು ಹೆಚ್ಚಿನ ವಿದ್ಯುತ್ತನ್ನು ತಾನು ಹೊರುವ ಇನ್ನೊಂದು ಸ್ವಿಚ್. ರಿಲೇಯ ತುದಿಗಳಿಗೆ ನಂಬರುಗಳಿವೆ: ಕಂದು ವೈರಿನಿಂದ ಫ್ಯೂಸ್ ಮೂಲಕ 30ಕ್ಕೆ, 87ರಿಂದ ಕಾಯಿಲ್‌ಗೆ, ಸ್ವಿಚ್ಚಿನ ಬಿಳಿ ವೈರು 86ಕ್ಕೆ, 85 ಬಾಡಿಗೆ. ಈಗ 12.2 ಸಿಗುತ್ತಿದೆ. ಅಷ್ಟು ವರ್ಷ ದುಡಿದ ಸ್ವಿಚ್ಚನ್ನು ಕಿತ್ತೆಸೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಹಳೆಗಾಲಿ: ನನ್ನ ತಪ್ಪನ್ನು ನಾನೇ ಬರೆದುಕೊಂಡಿದ್ದೇನೆ, ತಾವು ಎತ್ತಿ ತೋರಿಸಬೇಕಾಗಿರಲಿಲ್ಲ. ಕೀಲಿ ಅಲ್ಲಾಡಿದಾಗ ಸ್ವಿಚ್ಚಿನೊಳಗೆ ಸಂಪರ್ಕವೇ ತಪ್ಪುತ್ತಿದ್ದರೆ ತಮ್ಮ ರಿಲೇಯೂ ಅದೇ ಕ್ಷಣದಲ್ಲಿ ಬಿಟ್ಟುಕೊಳ್ಳುತ್ತದೆ. ವೋಲ್ಟೇಜ್ ಕುಸಿತಕ್ಕೆ ಕೊಡುವ ಮದ್ದನ್ನು ಎಲ್ಲ ರೋಗಕ್ಕೂ ಕೊಡಬೇಡಿ.

ಸ್ಟೀರಿಂಗ್‌ಬೀಗ: ಡ್ಯಾಶ್‌ಬೋರ್ಡಿನ ಸ್ವಿಚ್ ಇರುವವರು ಪುಣ್ಯವಂತರು. ನನ್ನದು 1973ರ ಕಾರು, ಇಗ್ನಿಷನ್ ಕೀಲಿ ಹಾಕುವ ಸ್ಟೀರಿಂಗ್ ಬೀಗವೇ ಸಿಕ್ಕಿಹಾಕಿಕೊಂಡಿತ್ತು. ಕಳ್ಳರು ಬಿಚ್ಚಬಾರದೆಂದು ಅದಕ್ಕೆ ಬಿಗಿಯುವಾಗಲೇ ತಲೆ ಮುರಿದುಹೋಗುವ ಬೋಲ್ಟ್‌ಗಳನ್ನು ಹಾಕಿರುತ್ತಾರೆ. ಪಂಚಿನಿಂದ ಗುರುತು ಮಾಡಿ ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಹಾಕಿದರೆ ಕೆಲವೊಮ್ಮೆ ಬೋಲ್ಟ್ ತಾನಾಗಿಯೇ ಸಡಿಲವಾಗಿ ಹೊರಬರುತ್ತದೆ. ನನ್ನ ಒಂದು ಬೋಲ್ಟ್ ಹಾಗೆ ಬಂತು. ಇನ್ನೊಂದರಲ್ಲಿ ನಾಲ್ಕು ಬಿಟ್‌ಗಳು ಮುರಿದವು, ಐದನೆಯದು ಜಾರಿ ಸ್ಟೀರಿಂಗ್ ಕಂಬದ ಮೇಲೆ ಬೆರಳುದ್ದದ ಗೀರು ಎಳೆಯಿತು. ಆ ಗೀರು ಇವತ್ತಿಗೂ ಕಣ್ಣಿಗೆ ಚುಚ್ಚುತ್ತದೆ.

ನೀಲಿಬಾನೆಟ್: ಆ ಕಾರುಗಳಲ್ಲಿ ವಿದ್ಯುತ್ ಭಾಗ ಬೀಗದಿಂದ ಬೇರೆಯಾಗಿ ಬರುತ್ತದೆ. ಒಂದು ಸಣ್ಣ ಸ್ಕ್ರೂ ಬಿಚ್ಚಿದ್ದರೆ ಸಾಕಾಗಿತ್ತು.

ಸ್ಟೀರಿಂಗ್‌ಬೀಗ: ಸಿಕ್ಕಿಹಾಕಿಕೊಂಡದ್ದು ಬೀಗ ಎಂದು ಮೊದಲ ಸಾಲುಗಳಲ್ಲೇ ಬರೆದಿದ್ದೇನೆ, ಸರ್. ಓದದೆ ತಿದ್ದಬೇಡಿ.

ಬೀಟಲ್‌ಮನೆ: ನಾನು ಹೇಳುವುದು ಹೊಸ ಬಿಡಿಭಾಗಗಳ ವಿಷಯ. ಜರ್ಮನ್ ಕಾರುಗಳ ಸ್ವಿಚ್ಚಿನ ತುದಿಗಳಲ್ಲಿ 30 ಬ್ಯಾಟರಿಯದು, 15 ಇಗ್ನಿಷನ್ನಿನದು, 50 ಸ್ಟಾರ್ಟರಿನದು. ನಾನು ತಂದ ಹೊಸ ಸ್ವಿಚ್ಚಿನ ಒಳಗಿನ ಸ್ಪ್ರಿಂಗ್ ದುರ್ಬಲವಾಗಿದ್ದು, ಕೀಲಿ ಬಿಟ್ಟ ಮೇಲೂ 50ಕ್ಕೆ ವಿದ್ಯುತ್ ಹರಿಯುತ್ತಲೇ ಇತ್ತು. ಎಂಜಿನ್ ಶುರುವಾದ ಮೇಲೂ ಸ್ಟಾರ್ಟರ್ ಬಿಡದೆ ಕಿರುಚುತ್ತಿತ್ತು. ಗಾಬರಿಯಿಂದ ಇಗ್ನಿಷನ್ ಬಂದ್ ಮಾಡುವಷ್ಟರಲ್ಲಿ ಫ್ಲೈವೀಲಿನ ಹಲ್ಲುಗಳು ಸವೆದುಹೋಗಿದ್ದವು. ಅದನ್ನು ಸರಿಪಡಿಸಲು ಎಂಜಿನ್ನನ್ನೇ ಕೆಳಗಿಳಿಸಬೇಕಾಯಿತು. ಕೂಡಿಸುವ ಮೊದಲು ಸ್ವಿಚ್ಚನ್ನು ಕೈಯಲ್ಲಿ ಹಿಡಿದು, ಮಲ್ಟಿಮೀಟರ್ ಇಟ್ಟು, ಐವತ್ತು ಸಲ ತಿರುಗಿಸಿ ನೋಡಿ.

ನೀಲಿಬಾನೆಟ್: ಹಳೆಯದನ್ನೇ ಶುಚಿಮಾಡಿ ಉಳಿಸಿಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ.

ಹಳೆಗಾಲಿ: ತಾವು ಶುಚಿಮಾಡಲಿಲ್ಲ, ರಿಲೇ ಹಾಕಿದ್ದು.

ಕೇಳಿದವರು: ಇವತ್ತು ಬಿಚ್ಚಿದೆ. ಮೊದಲು ಪಾಸಿಟಿವ್ ತೆಗೆದೆ, ಕಂದು ವೈರಿನ ತುದಿಗೂ ಟೇಪು ಸುತ್ತಿದೆ. ಸ್ವಿಚ್ಚಿನ ಪಕ್ಕದಲ್ಲಿ ಸೂಜಿ ಹೋಗುವಷ್ಟು ಸಣ್ಣ ರಂಧ್ರವಿತ್ತು. ಕೀಲಿಯನ್ನು ತುಸು ತಿರುಗಿಸಿದಾಗ ಅದರೊಳಗೆ ಹಿತ್ತಾಳೆಯ ಚಿಕ್ಕ ಒತ್ತುಗುಂಡಿಯಂಥ ಪ್ಲಂಜರ್ ಬಂದು ನಿಂತಿತು. ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ಪಿನಿಂದ ಒತ್ತಿ ಹಿಡಿದು ಎಳೆದಾಗ ಕೀಲಿ ತೂರುವ ಭಾಗವಾದ ಬ್ಯಾರೆಲ್ ಕೀಲಿಯ ಸಮೇತ ಕೈಗೆ ಬಂತು. ಹಳೆಯ ಸ್ವಿಚ್ಚಿನೊಳಗಿನ ತಟ್ಟೆಯಲ್ಲಿ ಕಪ್ಪಗೆ ಸುಟ್ಟ ಕುಳಿ ಕಾಣುತ್ತಿದೆ. ಹೊಸ ಸ್ವಿಚ್ಚನ್ನು ಐವತ್ತು ಸಲ ತಿರುಗಿಸಿ ನೋಡಿದ ಮೇಲೆ ಹಳೆಯ ಬ್ಯಾರೆಲ್ಲನ್ನೇ ಅದಕ್ಕೆ ಕೂಡಿಸಿದೆ. ಈಗ ಕೀಲಿಯನ್ನು ಎಷ್ಟು ಅಲ್ಲಾಡಿಸಿದರೂ ಎಂಜಿನ್ ತಡವರಿಸುತ್ತಿಲ್ಲ.

ನೀಲಿಬಾನೆಟ್: ವೈಪರ್, ಹೀಟರ್ ಎರಡನ್ನೂ ಹಾಕಿ ಕಾಯಿಲ್ ಬಳಿ ಎಷ್ಟು ವೋಲ್ಟ್ ಬರುತ್ತದೆಂದು ಅಳೆದಿರಾ?