‘ಗಟ್ಟಿ ಆಯಿಲ್’ ಅಂದರೆ ಯಾವ ಗಟ್ಟಿ?

ನನ್ನ ಹಳೆಯ ಕಾರಿನ ಇಂಜಿನ್ ಈಚೆಗೆ ಜಾಸ್ತಿ ಸದ್ದು ಮಾಡುತ್ತಿದೆ. ಮೆಕ್ಯಾನಿಕ್ ಕಿವಿಗೊಟ್ಟು ಕೇಳಿ ಹೇಳಿದ್ದು ಇಷ್ಟು: “ಇಂಜಿನ್ ಇನ್ನೂ ಗಟ್ಟಿ ಇದೆ ಸಾರ್. ಸದ್ದು ಸ್ವಲ್ಪ ಗಟ್ಟಿಯಾಗಿ ಬರ್ತಿದೆ ಅಷ್ಟೆ. ಗಟ್ಟಿ ಆಯಿಲ್ ಹಾಕ್ಸಿ.”

ಒಂದೇ ಉಸಿರಿಗೆ ಮೂರು ಗಟ್ಟಿ. ಮೊದಲನೆಯದು ಬಲ, ಎರಡನೆಯದು ಜೋರು. ಮೂರನೆಯದಕ್ಕೆ ಸರಿಯಾದ ಕನ್ನಡ ಯಾವುದು?

ಬೆಣ್ಣೆ ಗಟ್ಟಿಯಾದರೆ ಹರಿಯುವುದು ನಿಂತಿತು ಎಂದರ್ಥ. ಆಯಿಲ್ ಹರಿಯಲೇಬೇಕು. ಹರಿಯುವಾಗ ಅದು ಎಷ್ಟು ಹಿಂದೇಟು ಹಾಕುತ್ತದೆ ಅನ್ನುವುದೇ ಇಲ್ಲಿನ ಮಾತು. ಡಬ್ಬಿಯ ಮೇಲಿನ 10ಡಬ್ಲ್ಯೂ-30, 20ಡಬ್ಲ್ಯೂ-50 ಹೇಳುವುದೂ ಅದನ್ನೇ. ಡಬ್ಲ್ಯೂ ಅಂದರೆ ವಿಂಟರ್. ಅದರ ಜೊತೆಗಿರುವ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಹೇಗಿರುತ್ತದೆ ಅನ್ನುವುದಕ್ಕೆ, ಕೊನೆಯ ಅಂಕಿ ಇಂಜಿನ್ ಕಾದ ಮೇಲೆ ಹೇಗಿರುತ್ತದೆ ಅನ್ನುವುದಕ್ಕೆ. ಈ ಎರಡನೆಯದಕ್ಕೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆಯುತ್ತಾರೆ.

‘ದಪ್ಪ ಆಯಿಲ್’, ‘ಭಾರದ ಆಯಿಲ್’ ಅನ್ನುವವರೂ ಇದ್ದಾರೆ. ಭಾರ ಅಂತೂ ಬೇಡ. ಆಯಿಲ್ ನೀರಿಗಿಂತ ಹಗುರ, ತೇಲುತ್ತದೆ. ಆದರೂ ನೀರಿಗಿಂತ ಎಷ್ಟೋ ನಿಧಾನವಾಗಿ ಹರಿಯುತ್ತದೆ. ಪುಸ್ತಕದಲ್ಲಿ ‘ಸಾಂದ್ರತೆ’ (ಡೆನ್ಸಿಟಿ) ಬೇರೆ, ಹರಿಯುವಾಗಿನ ತಡೆಗೆ ‘ಸ್ನಿಗ್ಧತೆ’ (ವಿಸ್ಕಾಸಿಟಿ) ಬೇರೆ ಎಂದು ಇಟ್ಟಿರುವುದು ಅದಕ್ಕೇ. ಸ್ನಿಗ್ಧ ಚೆಂದದ ಪದ. ಸ್ನೇಹದ ಒಡಹುಟ್ಟು, ಸಂಸ್ಕೃತದಲ್ಲಿ ಸ್ನೇಹ ಎಂದರೆ ಎಣ್ಣೆ ಎಂದೂ ಅರ್ಥವಿದೆ. ಆದರೆ ಕೇಳಿದ ತಕ್ಷಣ ನುಣುಪು ನೆನಪಾಗುತ್ತದೆ, ತಡೆ ನೆನಪಾಗುವುದಿಲ್ಲ. ಗ್ಯಾರೇಜಿನಲ್ಲಿ ನಿಂತು “ಸ್ನಿಗ್ಧತೆ ಎಷ್ಟು?” ಎಂದು ಕೇಳುವ ಧೈರ್ಯ ನನಗಿಲ್ಲ!

ನನಗೆ ಹಿಡಿಸಿದ್ದು ‘ಮಂದ’. ಹಾಲು ಮಂದವಾಗಿದೆ, ಬಣ್ಣ ಮಂದವಾಗಿದೆ ಎನ್ನುತ್ತೇವೆ. ಮಂದಗತಿಯ ಮಂದದಲ್ಲಿ ನಿಧಾನವೂ ಇದೆ. ಆಯಿಲಿಗೆ ಬೇಕಾದದ್ದು ಎರಡೂ ಅಲ್ವಾ? ಮಂದ ಆಯಿಲ್, ಅದಕ್ಕೆ ಎದುರು ತೆಳು ಆಯಿಲ್.

ಸುಮ್ನೆ ಪದದ ಹುಚ್ಚು ಅಂದುಕೊಳ್ಳಬೇಡಿ. ‘ಗಟ್ಟಿ’ ಅಂದ ಕೂಡಲೇ ‘ಒಳ್ಳೆಯದು, ತಾಳಿಕೆ ಬರುವಂಥದ್ದು’ ಅನ್ನುವ ಅರ್ಥ ಹಿಂದಿನ ಬಾಗಿಲಿನಿಂದ ಒಳಗೆ ಬರುತ್ತದೆ. ಹಳೆಯ ಇಂಜಿನ್ ಸವೆದು ಭಾಗಗಳ ನಡುವಿನ ಸಂದು ಅಗಲವಾಗಿರುತ್ತದೆ. ಮಂದ ಆಯಿಲ್ ಅಲ್ಲಿ ದಪ್ಪ ಪದರವಾಗಿ ನಿಲ್ಲುತ್ತದೆ, ಸದ್ದು ತಗ್ಗಬಹುದು. ಮೆಕ್ಯಾನಿಕ್ ಹೇಳಿದ್ದು ಪೂರ್ತಿ ತಪ್ಪಲ್ಲ. ಕಾರಿನ ಕೈಪಿಡಿ ಒಪ್ಪಿದರೆ ಡಬ್ಬಿಯ ಕೊನೆಯ ಅಂಕಿಯಲ್ಲಿ 30ರಿಂದ 40ಕ್ಕೆ ಹೋಗಬಹುದು. ಆದರೆ ಬೆಳಗ್ಗೆ ತಣ್ಣಗಿರುವ ಇಂಜಿನ್‌ನಲ್ಲಿ ಮಂದ ಆಯಿಲ್ ಮೇಲಿನ ವಾಲ್ವ್‌ಗಳ ತನಕ ಹತ್ತಲು ತಡ ಮಾಡುತ್ತದೆ. ಸವೆತ ಜಾಸ್ತಿ ಆಗುವುದು ಆಗಲೇ. ‘ಮಂದ’ ಎಂದಿದ್ದರೆ ಈ ಎಚ್ಚರಿಕೆ ಪದದೊಳಗೇ ಸಿಗುತ್ತಿತ್ತು. ಮೇಲಾಗಿ, ಸದ್ದು ಅಡಗಿತು ಎಂದರೆ ಸವೆತ ವಾಸಿಯಾಯಿತು ಎಂದಲ್ಲ. ನನ್ನ ಕಾರಿನಲ್ಲಂತೂ ಅಳತೆಕಡ್ಡಿ ಎಳೆದು ನೋಡಿದರೆ ಆಯಿಲ್ ಕೆಳಗಿನ ಗುರುತಿಗಿಂತಲೂ ಕೆಳಗಿತ್ತು. ಗಟ್ಟಿಯೂ ಅಲ್ಲ, ತೆಳುವೂ ಅಲ್ಲ, ಇರಲೇ ಇಲ್ಲ.

ಲೂಬ್ರಿಕೆಂಟ್‌ಗೆ ‘ಕೀಲೆಣ್ಣೆ’ ಇದ್ದೇ ಇದೆ, ಅದರಲ್ಲಿ ತಕರಾರಿಲ್ಲ. ‘ಮಂದ ಕೀಲೆಣ್ಣೆ’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಹರಿಯುವಾಗಿನ ಈ ತಡೆಗೆ ನಾಮಪದ ಬೇಕಾದಾಗ ‘ಮಂದತನ’ ಎನ್ನಬಹುದೇ? ‘ಮಂದತೆ’ ಎಂದರೆ ಬುದ್ಧಿಯ ಕಡೆಗೆ ಜಾರುತ್ತದೆ ಅನ್ನುವುದು ನನ್ನ ಅಳುಕು.

ಇನ್ನೊಂದು. ಮೇಲಿನ ಟ್ಯಾಪೆಟ್‌ನಿಂದ (ವಾಲ್ವ್ ತಳ್ಳುವ ಭಾಗ) ಬರುವ ಸಣ್ಣ ಸದ್ದು, ಕೆಳಗಿನ ಬೇರಿಂಗ್ ಸವೆದಾಗ ಬರುವ ಒರಟು ಸದ್ದು, ಎರಡಕ್ಕೂ ನಾನು ‘ಕಟಕಟ’ ಎಂದೇ ಹೇಳುತ್ತಿದ್ದೆ. ಮೊದಲನೆಯದಕ್ಕೆ ‘ಟಿಕಟಿಕ’, ಎರಡನೆಯದಕ್ಕೆ ‘ದಡದಡ’ ಸರಿಹೋದೀತೇ? ಇಂಜಿನ್ ಬಿಚ್ಚಿದ ಅನುಭವ ಇರುವವರು ಏನನ್ನುತ್ತೀರಿ?