ಸಮಸ್ಯೆ: "ಸತ್ತವನಿಂ ತಿಂಗಳೊಂದು ಪುಟ್ಟಿತು ಜಗದೊಳ್"

ಕಂದಪ್ರಿಯ: ಈ ವಾರದ ಛಂದಸ್ಸು ಕಂದ. ಮೇಲೆ ಕೊಟ್ಟ ಸಾಲು ಕೊನೆಯದಾಗಬೇಕು, ಮೊದಲ ಮೂರು ನಿಮ್ಮವು. ವಸ್ತು ಜೂಲಿಯಸ್ ಸೀಸರ್. ಸತ್ತು ಎರಡು ಸಾವಿರ ವರ್ಷವಾದರೂ ನಮ್ಮ ಬಾಯಿಂದ ಇಳಿಯದ ಆಸಾಮಿ. ಬನ್ನಿ.

ಗೋಧೂಳಿ:
ಮುತ್ತಿರೆ ಕೆಳೆಯರೆ ಸೀಸರ್
ನೆತ್ತರೊಳಿಪ್ಪತ್ತುಮೂರು ಗಾಯದೆ ಕೆಡೆದಂ
ಇತ್ತಿರೆ ಪೆಸರಂ ರೋಮಂ
ಸತ್ತವನಿಂ ತಿಂಗಳೊಂದು ಪುಟ್ಟಿತು ಜಗದೊಳ್

ಶಕಟರೇಫ: ಸೊಗಸು. 'ಮೂಱು' ಎಂದು ಬರೆಯಿರಿ. ಗಾಯದ ಲೆಕ್ಕ ಸರಿ, 23. ಅವುಗಳಲ್ಲಿ ಎದೆಗೆ ಬಿದ್ದ ಎರಡನೆಯದೊಂದೇ ಮಾರಕ ಎಂದು ವೈದ್ಯ ಆಂಟಿಸ್ಟಿಯಸ್ ಹೇಳಿದನಂತೆ.

ಕಂದಪ್ರಿಯ: ರೇಫದವರ ಬಾಯಲ್ಲಿ 'ಸೊಗಸು'! ಇವತ್ತು ಮಳೆ ಗ್ಯಾರಂಟಿ.

ಮಾಯಾವಿ: ತಿಂಗಳಿಗೆ ಅವನ ಹೆಸರಿಂದ 'ಜುಲೈ' ಎಂದಿಟ್ಟದ್ದು ಅವನು ಬದುಕಿದ್ದಾಗಲೇ ಅಲ್ಲವೇ? ರೋಮಿನ ಇತಿಹಾಸಕಾರ ಡಿಯೊ ಹಾಗೆ ಬರೆಯುತ್ತಾನೆ.

ಗೋಧೂಳಿ: ರೋಮಿನ ಇನ್ನೊಬ್ಬ ಲೇಖಕ ಮ್ಯಾಕ್ರೋಬಿಯಸ್ ಅದನ್ನು ಸೀಸರನ ಆಪ್ತ ಆಂಟನಿ ತಂದ ಕಾನೂನು ಎನ್ನುತ್ತಾನೆ. ಯಾರ ಮಾತು ಹಿಡಿದರೂ ಆ ಹೆಸರಿನ ಮೊದಲ ತಿಂಗಳು ಬಂದದ್ದು ಕ್ರಿ.ಪೂ. 44ರ ಮಾರ್ಚ್ 15ರ ಕೊಲೆಯಾದ ಮೇಲೆ. ಸಮಸ್ಯೆಗೆ ಅಷ್ಟು ಸಾಕು.

ಹುಣಸೆಹಣ್ಣು:
ಕುತ್ತಿದ ಸುರಗಿಯೆ ಬ್ರೂಟನ
ಮತ್ತವನಾಟಕೆ ದಿನಾಂಕಮಾದುದು ಜೂಲೈ
ಎತ್ತಣ ಗೆಲವೈ ಕೊಂದಗೆ
ಸತ್ತವನಿಂ ತಿಂಗಳೊಂದು ಪುಟ್ಟಿತು ಜಗದೊಳ್

ಆಟವೆಂದರೆ ಅಪೊಲೊ ಹಬ್ಬದ ಆಟಗಳು. ಖರ್ಚೆಲ್ಲ ಕೊಂದವರಲ್ಲೊಬ್ಬನಾದ ಬ್ರೂಟಸನದು, ಡಂಗುರ ಮಾತ್ರ 'ಜುಲೈ' ಎಂದು. ಅವನು ಕುದ್ದುಹೋದದ್ದು ಅಂದಿನ ವಾಗ್ಮಿ ಸಿಸೆರೊ ಓಲೆಗಳಲ್ಲಿದೆ.

ಶಕಟರೇಫ: ಕಲ್ಪನೆಗೆ ನೂರಕ್ಕೆ ನೂರು. ಆದರೆ ಮೊದಲ ಸಾಲಿನ 'ಯೆ' ಊದಿಕೊಂಡಿದೆ. ಮುಂದಿನದು 'ಬ್ರೂ' ಎಂಬ ಒತ್ತಕ್ಷರ, ಆದ್ದರಿಂದ ಅದಕ್ಕೆ ಎರಡು ಮಾತ್ರೆ. ನಾಲ್ಕು ಮಾತ್ರೆಯ ಗಣ ಐದಾಯಿತು.

ಹುಣಸೆಹಣ್ಣು: ಶಿಥಿಲ ರಾಯರೇ, ಶಿಥಿಲ. ಒತ್ತನ್ನು ತೇಲಿಸಿ ಓದಿದರೆ ಹಿಂದಿನದು ಊದುವುದಿಲ್ಲ.

ಶಕಟರೇಫ: ಶಿಥಿಲಕ್ಕೆ ಅದೇನು ಹಳಗನ್ನಡದ 'ಎರ್ದೆ'ಯೇ, 'ಬರ್ದುಂಕೇ'? ರೋಮಿನವನ ಹೆಸರನ್ನು ಎಷ್ಟು ತೇಲಿಸಿದರೂ ಮುಳುಗುತ್ತದೆ.

ಹುಣಸೆಹಣ್ಣು: 'ಪ್ರ'ಕ್ಕೆ 'ಹ್ರ'ಕ್ಕೆ ವಿನಾಯಿತಿ ಉಂಟು. 'ಬ್ರ' ಮಾಡಿದ ಪಾಪವೇನು?

ಶಕಟರೇಫ: ಉಂಟಾದದ್ದು ಆ ಎರಡಕ್ಕೆ. ಮೂರನೆಯದನ್ನು ನೀವು ಸೇರಿಸುತ್ತಿದ್ದೀರಿ.

ಹುಣಸೆಹಣ್ಣು: ಸರಿ, 'ಸುರಗಿಯೆ ಮಾರ್ಕನ'. ಅವನ ಪೂರ್ತಿ ಹೆಸರು ಮಾರ್ಕಸ್ ಜೂನಿಯಸ್ ಬ್ರೂಟಸ್ ತಾನೇ?

ಗೋಧೂಳಿ: ಆಂಟನಿಯೂ ಮಾರ್ಕಸ್ಸೇ ಅಣ್ಣ! ತಿಂಗಳಿಗೆ ಹೆಸರು ಕೊಡಿಸಿದವನ ಕೈಗೇ ಸುರಗಿ ಕೊಟ್ಟಿರಲ್ಲ.

ಹುಣಸೆಹಣ್ಣು: ನೀನೂ, ಗೋಧೂಳಿ?

ಮಾಯಾವಿ: ಲ್ಯಾಟಿನ್ನಿನ ಆ 'ನೀನೂ, ಬ್ರೂಟಸ್' ಶೇಕ್ಸ್‌ಪಿಯರನಿಂದ ಮನೆಮಾತಾದದ್ದು. ಸೀಸರನ ಚರಿತ್ರೆ ಬರೆದ ಸೂಟೋನಿಯಸ್ ಪ್ರಕಾರ ಅವನು ನರಳಿದ, ಮಾತಾಡಲಿಲ್ಲ. ಗ್ರೀಕಿನಲ್ಲಿ 'ನೀನೂ, ಮಗೂ' ಎಂದನೆಂಬುದು ಕೆಲವರ ಮಾತು ಅಷ್ಟೇ.

ಹುಣಸೆಹಣ್ಣು: ಪದ್ಯ ಬರೆಯದವರಿಗೆ ಪಾದಟಿಪ್ಪಣಿ ಬಲು ಸಲೀಸು.

ಮಾಯಾವಿ: ಬರೆದೆ, ತಗೊಳ್ಳಿ.
ಸತ್ತನೆ ಸವನದೆ ಪುರುಷಂ
ಚಿತ್ತಮೆ ಚಂದಿರನ ಪೆತ್ತ ಬಸಿರಾದುದಲಾ
ಮತ್ತೇನಚ್ಚರಿ ಕವಿಗಳೆ
ಸತ್ತವನಿಂ ತಿಂಗಳೊಂದು ಪುಟ್ಟಿತು ಜಗದೊಳ್

ಕಂದಪ್ರಿಯ: ಕೊಟ್ಟ ವಸ್ತು ಬಿಟ್ಟು ಪುರುಷಸೂಕ್ತಕ್ಕೆ ಹಾರಿದಿರಿ. ಆದರೂ 'ತಿಂಗಳ್' ಅನ್ನು ಚಂದ್ರನ ಅರ್ಥಕ್ಕೆ ತಿರುಗಿಸಿದ ರೀತಿಗೆ ತಲೆದೂಗಿದೆ.

ಎಳೆನೀರು: ನನ್ನದೊಂದು ಸಂದೇಹ. ಜುಲೈಗೆ ಮೊದಲಿದ್ದ ಹೆಸರು ಕ್ವಿಂಟಿಲಿಸ್, ಅಂದರೆ ಐದನೆಯದು. ಏಳನೆಯದು ಐದನೆಯದು ಹೇಗೆ?

ಶಕಟರೇಫ: ಅವರ ಹಳೇ ವರ್ಷ ಹುಟ್ಟುತ್ತಿದ್ದದ್ದು ಮಾರ್ಚ್‌ನಲ್ಲಿ ತಮ್ಮಾ. ಸೆಪ್ಟೆಂಬರ್ ಅಂದರೆ ಏಳು, ಡಿಸೆಂಬರ್ ಅಂದರೆ ಹತ್ತು, ಅವು ಇವತ್ತಿಗೂ ಹಾಗೇ ಕೂತಿವೆ. ಸೀಸರ್ ಕೈಹಾಕಿದ ಹೊತ್ತಿಗೆ ಪಂಚಾಂಗ ಋತುವಿನಿಂದ ಎಷ್ಟು ಜಾರಿತ್ತೆಂದರೆ ಕ್ರಿ.ಪೂ. 46ನ್ನು 445 ದಿನಕ್ಕೆ ಎಳೆಯಬೇಕಾಯಿತು. ಆಮೇಲೆ ಅಲೆಗ್ಸಾಂಡ್ರಿಯದ ಸೊಸಿಜೆನಿಸ್ ಹಾಕಿಕೊಟ್ಟ ಲೆಕ್ಕ: 365 ದಿನ, ನಾಲ್ಕು ವರ್ಷಕ್ಕೊಂದು ಹೆಚ್ಚಿನ ದಿನ. ಸೀಸರ್ ಸತ್ತ ಮೇಲೆ ಪುರೋಹಿತರು ಎಡವಿದರು. ಅಧಿಕ ವರ್ಷವನ್ನೇ ಒಂದೆಂದು ಹಿಡಿದು ನಾಲ್ಕಕ್ಕೆ ಎಣಿಸಿದ್ದರಿಂದ ಮೂರು ವರ್ಷಕ್ಕೊಮ್ಮೆ ದಿನ ಸೇರುತ್ತ ಹೋಯಿತು. ಕೊನೆಗೆ ಅಗಸ್ಟಸ್ ಹಲವು ವರ್ಷ ದಿನ ಸೇರಿಸುವುದನ್ನೇ ನಿಲ್ಲಿಸಿ ಸರಿಮಾಡಿದ. ಒಂದನ್ನು ಹೆಚ್ಚು ಎಣಿಸುವವರು ಅಲ್ಲಿ, ಒಂದು ಮಾತ್ರೆಯನ್ನೇ ನುಂಗುವವರು ಇಲ್ಲಿ.

ಹುಣಸೆಹಣ್ಣು: ತಟ್ಟಿತು. ತಗೊಳ್ಳಿ ತಿದ್ದಿದ್ದು: 'ಕುತ್ತಿದ ಕೈ ಬ್ರೂಟಸನದೆ'. 'ಕೈ'ಯನ್ನು ಇನ್ನು ಯಾವ 'ಬ್ರೂ' ಊದಿಸುತ್ತದೋ ನೋಡೋಣ.

ಶಕಟರೇಫ: ಕೈ ಸರಿ.

ಗೋಧೂಳಿ: ಕೈಸರ್ ಎಂದಿರಾ? ನನ್ನ ಮೊದಲ ಸಾಲಿಗೆ 'ಸೀಸರ್' ಬದಲು ಅದೇ ಕೂರುತ್ತದೆ, ತೂಕ ಒಂದೇ. ರೋಮಿನವರ ಉಚ್ಚಾರಕ್ಕೂ ಹತ್ತಿರ. ಜರ್ಮನ್ನರ ಕೈಸರ್, ರಷ್ಯದ ಜಾರ್, ವಿಕ್ಟೋರಿಯಾ ರಾಣಿಗೆ 1877ರ ದೆಹಲಿ ದರ್ಬಾರಿನಲ್ಲಿ ಸಾರಿದ 'ಕೈಸರ್-ಎ-ಹಿಂದ್', ಎಲ್ಲಕ್ಕೂ ಬೇರು ಅದೇ.

ಎಳೆನೀರು: ಸಿಸೇರಿಯನ್ ಬಿಟ್ಟಿರಿ! 'ಸತ್ತವಳಿಂ' ಎಂದು ತಿದ್ದಿದರೆ ಅದಕ್ಕೂ ಹೊಂದುತ್ತದೆ. ಸೀಸರ್ ಸಲಾಡ್ ಮೇಲೂ ಒಂದು ಕಟ್ಟಲೇ?

ಗೋಧೂಳಿ: ಆ ಕಾಲದಲ್ಲಿ ಹೊಟ್ಟೆ ಕೊಯ್ದು ಮಗು ತೆಗೆಯುತ್ತಿದ್ದದ್ದು ಸತ್ತ, ಸಾಯುತ್ತಿದ್ದ ತಾಯಂದಿರಿಂದ. ಸೀಸರನ ತಾಯಿ ಔರೇಲಿಯಾ ಮಗನಿಗೆ ನಲವತ್ತು ದಾಟುವವರೆಗೂ ಇದ್ದಳು. ಸಲಾಡಿನ ಸೀಸರ್ ಕಾರ್ಡಿನಿ, ಮೆಕ್ಸಿಕೋದ ಟಿಹುವಾನಾದಲ್ಲಿ ಹೋಟೆಲಿಟ್ಟವನು.

ಕಂದಪ್ರಿಯ: ಕಟ್ಟು ತಮ್ಮಾ, ಆದರೆ ಪ್ರಾಸ ತಪ್ಪಬಾರದು. ಸೊಪ್ಪು 'ತ್ತ'ಕ್ಕೆ ಬರುವುದಿಲ್ಲ.

ಎಳೆನೀರು: ಕೊತ್ತಂಬರಿ?

ಶಕಟರೇಫ: ಪ್ರಾಸ ಸರಿ. ಅಡುಗೆ ತಪ್ಪು.